ಟೆಂಪರೇಚರ್ ಸೆನ್ಸರ್ ಸುಳ್ಳು ಹೇಳುತ್ತಿದೆಯಾ? ಬಿಚ್ಚುವ ಮೊದಲು ನೋಡಬೇಕಾದ್ದು

ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲು ನಾಲ್ಕೈದು ಸಲ ಸೆಲ್ಫ್ ಹೊಡೆಯಬೇಕು. ಸ್ಟಾರ್ಟ್ ಆದ ಮೇಲೆ ಪೆಟ್ರೋಲ್ ವಾಸನೆ, ಸೈಲೆನ್ಸರ್‌ನಿಂದ ಕಪ್ಪು ಹೊಗೆ. ಮೈಲೇಜ್ ಬಿದ್ದುಹೋಗಿದೆ. ಎಂಜಿನ್ ಇನ್ನೂ ತಣ್ಣಗಿದ್ದರೂ ರೇಡಿಯೇಟರ್ ಫ್ಯಾನ್ ಗುಂಯ್ ಎಂದು ತಿರುಗುತ್ತಿದೆ. ಇವೆಲ್ಲ ಒಟ್ಟಿಗೆ ಕಂಡರೆ ಯಾರನ್ನೇ ಕೇಳಿ, "ಟೆಂಪರೇಚರ್ ಸೆನ್ಸರ್ ಹೋಗಿದೆ, ಹೊಸದು ಹಾಕಿಸಿ" ಎನ್ನುತ್ತಾರೆ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಎಷ್ಟು ಬಿಸಿ ಇದೆ ಅಂತ ಹೇಳುವ ಸೆನ್ಸರ್ ಅದು.

ನನಗೂ ಹಾಗೇ ಹೇಳಿದ್ದರು. ಗಾಡಿಯ ದೋಷ ಓದುವ ಒಬಿಡಿ ಸ್ಕ್ಯಾನರ್ ಹಾಕಿದಾಗ ಪಿ0118 ಎಂಬ ದೋಷದ ಕೋಡ್ ಬಂತು. ಹೊಸ ಸೆನ್ಸರ್ ತಂದೆ, ಅರ್ಧ ದಿನ ಕೂತು ಹಾಕಿದೆ, ಕೋಡ್ ಅಳಿಸಿದೆ. ಎರಡು ದಿನ ಗಾಡಿ ಚೆನ್ನಾಗಿ ಓಡಿತು. ಮೂರನೇ ದಿನ ಒಂದು ಗುಂಡಿಗೆ ಚಕ್ರ ಇಳಿದದ್ದೇ ತಡ, ಮತ್ತೆ ಅದೇ ಕೋಡ್, ಅದೇ ಫ್ಯಾನ್ ಸದ್ದು. ಆಮೇಲೆ ಕನೆಕ್ಟರ್ ಎಳೆದು ಟಾರ್ಚ್ ಹಿಡಿದು ನೋಡಿದರೆ, ಒಳಗಿನ ಎರಡು ಪಿನ್‌ಗಳಲ್ಲಿ ಒಂದು ಹಿಂದಕ್ಕೆ ಸರಿದು ಕೂತಿತ್ತು. ತಾಗಿತೋ ಇಲ್ಲವೋ ಅನ್ನುವಷ್ಟು ತಾಗುತ್ತಿತ್ತು. ತೆಗೆದಿಟ್ಟಿದ್ದ ಹಳೆಯ ಸೆನ್ಸರನ್ನು ಬಿಸಿನೀರಿಗೆ ಅದ್ದಿ ಅಳೆದೆ. ಅದಕ್ಕೆ ಏನೂ ಆಗಿರಲಿಲ್ಲ!

ಅಂದಿನಿಂದ ನನ್ನ ಕ್ರಮ ಬದಲಾಗಿದೆ. ಎಂಜಿನ್ ನಿಜವಾಗಿ ಎಷ್ಟು ಬಿಸಿ ಇದೆ ಅನ್ನುವುದು ಮೊದಲು. ವೈರ್ ಮತ್ತು ಕನೆಕ್ಟರ್ ಎರಡನೆಯದು. ಸೆನ್ಸರ್ ಕೊನೆಗೆ. ಮುಂದೆ ಹೇಳುವುದೆಲ್ಲ ಅದೇ ಕ್ರಮದಲ್ಲಿದೆ.

ಮುಳ್ಳು ಕೆಂಪಿಗೆ ಹೋದರೆ ನಂಬಿ

ಓಡಿಸುತ್ತಿರುವಾಗ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ "ಸೆನ್ಸರ್ ಸರಿ ಇಲ್ಲ ಬಿಡು" ಅಂತ ಮುಂದೆ ಹೋಗಬೇಡಿ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಸುಳ್ಳು ಅಂತ ಗೊತ್ತಾಗುವ ತನಕ ಅದು ನಿಜವೇ. ರೇಡಿಯೇಟರ್ ಮುಚ್ಚಳವನ್ನಂತೂ ಮುಟ್ಟಲೇಬೇಡಿ. ಮುಚ್ಚಳ ಬಿಗಿಯಾಗಿರುವಾಗ ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ಇರುತ್ತದೆ. ಅದರಿಂದಲೇ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಒತ್ತಡ ಇಳಿಯುತ್ತದೆ, ಇಡೀ ಕೂಲಂಟ್ ಕುದಿದು ಮುಖಕ್ಕೆ ಹಾರುತ್ತದೆ. ರೇಡಿಯೇಟರ್‌ನ ಮೇಲಿನ ಹೋಸ್ ಒತ್ತಿ ನೋಡಿದಾಗ ಮೆತ್ತಗಿದ್ದು, ಕೈಗೆ ಸುಡದೆ ಇದ್ದರೆ ಮಾತ್ರ ತೆರೆಯಿರಿ.

ನಿಜವಾಗಿ ಬಿಸಿಯಾದ ಎಂಜಿನ್ ಬೇರೆ ಸುಳಿವುಗಳನ್ನೂ ಕೊಡುತ್ತದೆ. ಬಾನೆಟ್ ಕೆಳಗೆ ಹಬೆ, ಸಿಹಿಯಾದ ಒಂದು ವಾಸನೆ, ರಿಸರ್ವ್ ಡಬ್ಬಿಯಲ್ಲಿ ಗುಳುಗುಳು ಸದ್ದು. ಇದ್ಯಾವುದೂ ಇಲ್ಲದೆ ಮುಳ್ಳು ಮಾತ್ರ ಒಂದು ಸೆಕೆಂಡಿನಲ್ಲಿ ಅರ್ಧದಿಂದ ತುದಿಗೆ ಹಾರಿದರೆ, ಅದು ಕರೆಂಟಿನ ಆಟ. ಹಲವು ಲೀಟರ್ ಕೂಲಂಟ್, ಸುತ್ತ ಮಣಗಟ್ಟಲೆ ಲೋಹ. ಅದು ಒಂದು ಸೆಕೆಂಡಿನಲ್ಲಿ 40 ಡಿಗ್ರಿ ಏರಲು ಸಾಧ್ಯವೇ ಇಲ್ಲ ಅಲ್ವಾ?

ಇದಕ್ಕೆ ಉಲ್ಟಾ ಇರುವ ಒಂದು ಸಂಗತಿ ಹೆಚ್ಚು ಅಪಾಯದ್ದು. ಮುಳ್ಳು ಮೇಲೇರುತ್ತಿತ್ತು, ಇದ್ದಕ್ಕಿದ್ದಂತೆ ತಣ್ಣಗಿನ ಕಡೆಗೆ ಬಿತ್ತು. "ಅಬ್ಬಾ, ಸರಿಹೋಯಿತು" ಅಂತ ಅನಿಸುತ್ತದೆ. ಕೂಲಂಟ್ ಸೋರಿ ಖಾಲಿಯಾದರೂ ಹೀಗೇ ಆಗುತ್ತದೆ. ಸೆನ್ಸರ್‌ನ ತುದಿ ಕೂಲಂಟ್‌ನಲ್ಲಿ ಮುಳುಗಿರಬೇಕು. ಗಾಳಿಯಲ್ಲಿ ನಿಂತ ತುದಿಗೆ ಬಿಸಿ ಸರಿಯಾಗಿ ತಾಗುವುದಿಲ್ಲ, ಹಾಗಾಗಿ ಅದು ಕಡಿಮೆ ಹೇಳುತ್ತದೆ. ಅದೇ ಹೊತ್ತಿಗೆ ಹೀಟರ್ ಕೂಡ ತಣ್ಣನೆ ಗಾಳಿ ಊದಲು ಶುರುಮಾಡಿದರೆ ಅನುಮಾನವೇ ಬೇಡ, ಕೂಲಂಟ್ ಇಲ್ಲ. ಎಂಜಿನ್ ಆಫ್ ಮಾಡಿ.

ಯಾವ ಸೆನ್ಸರ್ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಒಂದೇ ಎಂಜಿನ್‌ನಲ್ಲಿ ಎರಡು ಮೂರು ಇರಬಹುದು. ಹಳೆಯ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಮುಳ್ಳಿಗೆ ಒಂದೇ ವೈರಿನ ಬೇರೆ ಸೆನ್ಸರ್, ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್‌ಗೆ) ಎರಡು ವೈರಿನ ಬೇರೆ ಸೆನ್ಸರ್. ಕೆಲವದರಲ್ಲಿ ಎರಡನ್ನೂ ಒಂದೇ ಮೈಯಲ್ಲಿ ಕೂರಿಸಿ ಮೂರು ಅಥವಾ ನಾಲ್ಕು ಪಿನ್ ಕೊಟ್ಟಿರುತ್ತಾರೆ. ರೇಡಿಯೇಟರ್‌ನಲ್ಲೇ ಕೂತಿರುವುದು ಕೆಲವು ಗಾಡಿಗಳಲ್ಲಿ ಸೆನ್ಸರ್ ಅಲ್ಲ, ಫ್ಯಾನ್ ಹಾಕಿ ಆರಿಸುವ ಸ್ವಿಚ್. ಹೊಸ ಗಾಡಿಗಳಲ್ಲಿ ಹೆಚ್ಚಾಗಿ ಒಂದೇ ಸೆನ್ಸರ್, ಮುಳ್ಳಿಗೆ ಬೇಕಾದ್ದನ್ನು ಇಸಿಯುವೇ ಹೇಳಿ ಕಳಿಸುತ್ತದೆ.

ಇದರಿಂದ ಒಂದು ಸುಲಭ ಲೆಕ್ಕ ಸಿಗುತ್ತದೆ. ಎರಡು ಬೇರೆ ಸೆನ್ಸರ್ ಇರುವ ಗಾಡಿಯಲ್ಲಿ ಮುಳ್ಳು ಸರಿ ಇದ್ದು ಸ್ಟಾರ್ಟಿಂಗ್ ಟ್ರಬಲ್ ಇದ್ದರೆ ಇಸಿಯು ಕಡೆಯದನ್ನು ನೋಡಿ. ಗಾಡಿ ಚೆನ್ನಾಗಿ ಓಡುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಒಂಟಿ ವೈರಿನದನ್ನು. ಸುಮ್ನೆ ಕೈಗೆ ಸಿಕ್ಕಿದ್ದನ್ನು ಬಿಚ್ಚಿದರೆ ಕೂಲಂಟ್ ಚೆಲ್ಲಿದ್ದೇ ಲಾಭ.

ಜಾಗ? ಹೆಚ್ಚಾಗಿ ಸಿಲಿಂಡರ್ ಹೆಡ್‌ನಲ್ಲಿ, ಇಲ್ಲವೇ ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಕೂತಿರುವ ಗೂಡಿನ ಅಕ್ಕಪಕ್ಕ. ಮೇಲಿನ ಹೋಸ್ ಹಿಡಿದುಕೊಂಡು ಎಂಜಿನ್ ಕಡೆಗೆ ಹೋಗಿ, ಅಲ್ಲೇ ಸಿಗುತ್ತದೆ.

ಇದು ಕೆಲಸ ಮಾಡುವ ಬಗೆ

ಒಳಗಿರುವುದು ಒಂದು ಪುಟ್ಟ ಥರ್ಮಿಸ್ಟರ್. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಇಳಿಯುತ್ತದೆ. ಇಸಿಯು ಒಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ, ಸೆನ್ಸರ್ ಅದನ್ನು ಅರ್ಥ್ ಕಡೆಗೆ ಎಳೆಯುತ್ತದೆ. ಎಂಜಿನ್ ತಣ್ಣಗಿದ್ದರೆ ಎಳೆತ ಕಡಿಮೆ, ವೋಲ್ಟೇಜ್ ಜಾಸ್ತಿ. ಬಿಸಿಯಾದರೆ ಎಳೆತ ಜಾಸ್ತಿ, ವೋಲ್ಟೇಜ್ ಕಡಿಮೆ. ಬಹಳಷ್ಟು ಗಾಡಿಗಳಲ್ಲಿ ಚೆನ್ನಾಗಿ ಬಿಸಿಯಾದ ಮೇಲೆ ಅದು ಅರ್ಧದಿಂದ 1 ವೋಲ್ಟ್ ಆಸುಪಾಸಿಗೆ ಬರುತ್ತದೆ.

ಇದೊಂದು ತಲೆಯಲ್ಲಿದ್ದರೆ ಕೋಡ್‌ಗಳು ತಾವಾಗಿಯೇ ಅರ್ಥವಾಗುತ್ತವೆ. ವೈರ್ ತುಂಡಾದರೆ ಎಳೆಯುವವರೇ ಇಲ್ಲ, ವೋಲ್ಟೇಜ್ 5ರಲ್ಲೇ ನಿಲ್ಲುತ್ತದೆ, ಇಸಿಯುಗೆ ಎಂಜಿನ್ ಮೈನಸ್ 40 ಡಿಗ್ರಿಯಲ್ಲಿ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಅದೇ ಪಿ0118. ವೈರ್ ಎಲ್ಲೋ ಗಾಡಿಯ ಲೋಹದ ಮೈಗೆ ತಾಗಿ ಶಾರ್ಟ್ ಆದರೆ ವೋಲ್ಟೇಜ್ ಸೊನ್ನೆ, ಎಂಜಿನ್ ಬೆಂಕಿಯಾದಂತೆ ಕಾಣುತ್ತದೆ. ಅದು ಪಿ0117. ಬಂದು ಹೋಗಿ ಮಾಡುವ ದೋಷಕ್ಕೆ ಪಿ0119. ಅಂಕಿ ಬರುತ್ತಿದೆ ಆದರೆ ನಂಬುವ ಹಾಗಿಲ್ಲ ಅನ್ನುವುದಕ್ಕೆ ಪಿ0116. ಇನ್ನು ಪಿ0128 ಬಂದರೆ ಮೊದಲಿಗೇ ಸೆನ್ಸರ್ ಕಡೆ ಹೋಗಬೇಡಿ. ಎಂಜಿನ್ ಬಿಸಿಯಾಗಲು ತುಂಬ ಹೊತ್ತು ತಗೊಳ್ತಿದೆ ಅಂತ ಅದರ ಅರ್ಥ, ಹತ್ತರಲ್ಲಿ ಒಂಬತ್ತು ಸಲ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿರುತ್ತದೆ ಅನ್ನುವುದು ನನ್ನ ಅನುಭವದ ಲೆಕ್ಕ.

ರಾತ್ರಿ ನಿಂತ ಗಾಡಿಯಲ್ಲಿ ಮೊದಲ ಪರೀಕ್ಷೆ

ದುಡ್ಡು ಬೇಡ, ಸ್ಪ್ಯಾನರ್ ಬೇಡ. ಲೈವ್ ಡೇಟಾ ತೋರಿಸುವ ಒಬಿಡಿ ಸ್ಕ್ಯಾನರ್ ಇದ್ದರೆ ಸಾಕು.

ಗಾಡಿ ನೆರಳಿನಲ್ಲಿ ಏಳೆಂಟು ಗಂಟೆ ನಿಂತಿರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಕೂಲಂಟ್ ಟೆಂಪರೇಚರ್ ಮತ್ತು ಒಳಬರುವ ಗಾಳಿಯ ಟೆಂಪರೇಚರ್, ಎರಡನ್ನೂ ಓದಿ. ಇಡೀ ರಾತ್ರಿ ನಿಂತ ಎಂಜಿನ್‌ನಲ್ಲಿ ಎಲ್ಲವೂ ಹೊರಗಿನ ಹವೆಯಷ್ಟೇ ಇರಬೇಕು. ಮೂರರಿಂದ ಐದು ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ. ಗಾಳಿ 22 ಡಿಗ್ರಿ, ಕೂಲಂಟ್ 24 ಅಂದರೆ ಸರಿ. ಗಾಳಿ 22, ಕೂಲಂಟ್ 6 ಅಂದರೆ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಯಾರು ಅಂತ ತಿಳಿಯಲು ಗೋಡೆಯ ಥರ್ಮಾಮೀಟರ್ ಸಾಕು.

ಈಗ ಸ್ಟಾರ್ಟ್ ಮಾಡಿ, ಸ್ಕ್ಯಾನರ್ ನೋಡುತ್ತಾ ಕೂತುಕೊಳ್ಳಿ. ಬೇಜಾರಿನ ಕೆಲಸವೇ, ಆದರೆ ಈ ಹತ್ತು ಹದಿನೈದು ನಿಮಿಷದಲ್ಲಿ ಸಿಗುವಷ್ಟು ಮಾಹಿತಿ ಬೇರೆಲ್ಲೂ ಸಿಗುವುದಿಲ್ಲ. ಅಂಕಿ ಒಂದೊಂದಾಗಿ, ನಿಧಾನವಾಗಿ ಏರಬೇಕು. 80 ದಾಟಿದ ಮೇಲೆ ಥರ್ಮೋಸ್ಟಾಟ್ ತೆರೆಯುವಾಗ ಒಂದೆರಡು ಡಿಗ್ರಿ ಇಳಿದು ಮತ್ತೆ ಏರಬಹುದು, ಅದು ಒಳ್ಳೆಯ ಲಕ್ಷಣ. ಆಮೇಲೆ ಬಹಳಷ್ಟು ಗಾಡಿಗಳು 85ರಿಂದ 100ರ ನಡುವೆ ನೆಲೆಯಾಗುತ್ತವೆ.

ಏರುತ್ತಾ ಏರುತ್ತಾ 68, 69, 70, ತಟ್ಟನೆ ಮೈನಸ್ 40, ಮತ್ತೆ 72. ಹೀಗೆ ನಡುವೆ ಒಂದು ಹೊಂಡ ಕಂಡರೆ ಎಲ್ಲೋ ಸಂಪರ್ಕ ಬಿಡುತ್ತಿದೆ. ಪ್ರತಿ ಸಲವೂ ಅದೇ ಅಂಕಿಯ ಹತ್ತಿರ ಬಿಟ್ಟರೆ ಸೆನ್ಸರ್ ಒಳಗೇ ಬಿರುಕು ಇದೆ, ಬಿಸಿಗೆ ಹಿಗ್ಗಿದಾಗ ಬಿಡುತ್ತದೆ. ಗಾಡಿ ಅಲುಗಿದಾಗ ಬಿಟ್ಟರೆ ವೈರ್ ಅಥವಾ ಪಿನ್. ನನ್ನದು ಎರಡನೆಯದು, ಅದನ್ನು ಅಂದೇ ನೋಡಬಹುದಿತ್ತು.

ಅಂಕಿ 60ರಿಂದ 70ರಲ್ಲೇ ಎಳೆದಾಡುತ್ತಿದ್ದು, ವೇಗವಾಗಿ ಓಡಿಸಿದಾಗ ಇನ್ನೂ ಇಳಿದರೆ ಥರ್ಮೋಸ್ಟಾಟ್ ನೋಡಿ. ಖಾತ್ರಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಸೆನ್ಸರ್ ಪಕ್ಕದ ಲೋಹದ ಬಿಸಿ ಅಳೆಯಬಹುದು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ತೀರಾ ಕಡಿಮೆ ತೋರಿಸುತ್ತದೆ. ತಣ್ಣಗಿರುವಾಗಲೇ ಅಲ್ಲೊಂದು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿಟ್ಟು, ಬಿಸಿಯಾದ ಮೇಲೆ ಆ ಟೇಪಿಗೆ ಗುರಿ ಇಡಿ. ಸ್ಕ್ಯಾನರ್‌ಗಿಂತ ಐದು ಹತ್ತು ಡಿಗ್ರಿ ಕಡಿಮೆ ಬಂದರೆ ಚಿಂತೆ ಇಲ್ಲ, ಹೊರಮೈ ಯಾವಾಗಲೂ ಒಳಗಿಗಿಂತ ತಂಪು. ಮೂವತ್ತು ಡಿಗ್ರಿ ವ್ಯತ್ಯಾಸ ಬಂದರೆ ಮುಂದಿನ ಪರೀಕ್ಷೆಗೆ ಹೋಗಿ.

ಕನೆಕ್ಟರ್ ಮತ್ತು ವೈರ್

ಕೀ ಆಫ್ ಮಾಡಿ ಕನೆಕ್ಟರ್ ಬಿಡಿಸಿ. ಲಾಕ್ ಒತ್ತಿ ಪ್ಲಾಸ್ಟಿಕ್ ಮೈ ಹಿಡಿದು ಎಳೆಯಿರಿ, ವೈರ್ ಹಿಡಿದು ಬೇಡ. ಬಿಸಿಗೆ ಹಳೆಯ ಪ್ಲಾಸ್ಟಿಕ್ ಬಿಸ್ಕತ್ತಿನಂತಾಗಿರುತ್ತದೆ, ಜೋರು ಮಾಡಿದರೆ ಲಾಕ್ ಮುರಿದು ಕೈಗೆ ಬರುತ್ತದೆ.

ಟಾರ್ಚ್ ಹಾಕಿ ಒಳಗೆ ನೋಡಿ. ಪಿನ್‌ಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ತುಕ್ಕು. ಒಂದು ಪಿನ್ ಇನ್ನೊಂದಕ್ಕಿಂತ ಒಳಗಿದ್ದರೆ ಹಿಂದಕ್ಕೆ ಸರಿದಿದೆ. ಕೂಲಂಟ್‌ನ ಪಸೆ ಕಂಡರಂತೂ ಸೆನ್ಸರ್ ಮೈಯೇ ಸೀಳಿ ಒಳಗಿಂದ ಸೋರುತ್ತಿದೆ. ಆಗ ಬೇರೆ ಪರೀಕ್ಷೆ ಬೇಡ, ಬದಲಿಸಿ. ಕನೆಕ್ಟರನ್ನೂ ಚೆನ್ನಾಗಿ ತೊಳೆದು ಒಣಗಿಸಿ. ಆ ಕೂಲಂಟ್ ವೈರಿನ ಎಳೆಗಳ ಸಂದಿನಲ್ಲಿ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿ ಹೋಗುತ್ತದೆ.

ಈಗ ಎರಡು ಪಿನ್‌ನ ಇಸಿಯು ಸೆನ್ಸರ್‌ಗೆ ಮಾಡುವ ಪರೀಕ್ಷೆ. ಕನೆಕ್ಟರ್ ಬಿಡಿಸಿಯೇ ಇರಲಿ, ಕೀ ಆನ್ ಮಾಡಿ. ಸ್ಕ್ಯಾನರ್ ಮೈನಸ್ 40 ಅಥವಾ ಅದರ ಹತ್ತಿರ ತೋರಿಸಬೇಕು. ಕೆಲವು ಇಸಿಯುಗಳು ಸಂಪರ್ಕ ತಪ್ಪಿದ ಕೂಡಲೇ 80ರಂಥ ಒಂದು ಬದಲಿ ಅಂಕಿ ಹಾಕಿಕೊಂಡು ಫ್ಯಾನ್ ಓಡಿಸುತ್ತವೆ. ಅಂಥ ಗಾಡಿಯಲ್ಲಿ ಸ್ಕ್ಯಾನರ್ ಅಂಕಿಯನ್ನು ನಂಬದೆ ಮಲ್ಟಿಮೀಟರ್‌ನಲ್ಲಿ ಎರಡು ಪಿನ್‌ಗಳ ನಡುವೆ 5 ವೋಲ್ಟ್ ಇದೆಯಾ ನೋಡಿ.

ಆಮೇಲೆ ಒಂದು ಸಣ್ಣ ವೈರ್ ತುಂಡಿನಿಂದ ಕನೆಕ್ಟರ್‌ನ ಆ ಎರಡು ಪಿನ್‌ಗಳನ್ನು ಸೇರಿಸಿ. ಅಂಕಿ ತುತ್ತತುದಿಗೆ ಏರಬೇಕು, 130 ಅಥವಾ ಅದಕ್ಕೂ ಮೇಲೆ, ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಬಿಟ್ಟಾಗ ಮೈನಸ್ 40, ಸೇರಿಸಿದಾಗ ತುತ್ತತುದಿ, ಎರಡೂ ಬಂದರೆ ವೈರ್ ಮತ್ತು ಇಸಿಯು ಸರಿ ಇವೆ, ಅನುಮಾನ ಸೆನ್ಸರ್ ಅಥವಾ ಪಿನ್ ಹಿಡಿತದ ಮೇಲೆ. ಮೂರು ನಾಲ್ಕು ಪಿನ್ ಇರುವ ಕನೆಕ್ಟರ್‌ನಲ್ಲಿ ವೈರಿಂಗ್ ಚಿತ್ರ ನೋಡದೆ ಹೀಗೆ ಸೇರಿಸಬೇಡಿ. ಮೀಟರ್‌ನ ದಪ್ಪ ಪ್ರೋಬ್ ಮೊನೆಯನ್ನು ಹೆಣ್ಣು ಪಿನ್‌ಗೆ ತುರುಕಲೂಬೇಡಿ. ಒಮ್ಮೆ ಅಗಲವಾದರೆ ಅದು ಮತ್ತೆ ಹಿಡಿಯುವುದಿಲ್ಲ, ಇಲ್ಲದ ದೋಷವನ್ನು ನೀವೇ ತಂದಿಟ್ಟಂತೆ.

ಇಲ್ಲಿ ಒಂದು ಬಗೆಯ ದೋಷದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಜನ ಹೆಚ್ಚು ಏಮಾರುವುದು ಇಲ್ಲೇ. ವೈರ್ ತುಂಡಾಗಿಲ್ಲ, ಆದರೆ ತುಕ್ಕಿನಿಂದ 200 ಓಮ್‌ನಷ್ಟು ಅಡ್ಡಿ ಬಂದಿದೆ ಅಂದುಕೊಳ್ಳಿ. ಮೀಟರ್‌ನಲ್ಲಿ ನೋಡಿದರೆ ನೆಟ್ಟಗೆ 5 ವೋಲ್ಟ್ ಇರುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಬೆಳಿಗ್ಗೆಯ ಪರೀಕ್ಷೆಯಲ್ಲೂ ಪಾಸು. 20 ಡಿಗ್ರಿಯಲ್ಲಿ ಸೆನ್ಸರ್ 2,500 ಓಮ್ ಇದ್ದರೆ, ಅದಕ್ಕೆ 200 ಸೇರಿ 2,700 ಆದರೂ ಇಸಿಯುಗೆ ಕಾಣುವುದು 18 ಡಿಗ್ರಿ. ಎರಡು ಡಿಗ್ರಿ ಯಾರು ಲೆಕ್ಕ ಇಡುತ್ತಾರೆ? ಆದರೆ ಎಂಜಿನ್ 90 ಡಿಗ್ರಿಗೆ ಬಂದಾಗ ಅದೇ ಸೆನ್ಸರ್ ಸುಮಾರು 240 ಓಮ್‌ಗೆ ಇಳಿದಿರುತ್ತದೆ. 200 ಸೇರಿದರೆ 440. ಇಸಿಯುಗೆ ಅದು 70 ಡಿಗ್ರಿ. ಇಪ್ಪತ್ತು ಡಿಗ್ರಿ ಸುಳ್ಳು! ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂತ ಅದು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಫ್ಯಾನ್ ತಡವಾಗಿ ಹಾಕುತ್ತದೆ. ಕೋಡ್ ಮಾತ್ರ ಬರದೆಯೇ ಇರಬಹುದು.

ಇದನ್ನು ಹಿಡಿಯುವುದು ವೈರ್ ತುಂಡಿನ ಅದೇ ಪರೀಕ್ಷೆ. ಪಿನ್ ಸೇರಿಸಿದಾಗ ಅಂಕಿ ತುತ್ತತುದಿಗೆ ಹೋಗದೆ 100ರ ಹತ್ತಿರವೇ ನಿಂತರೆ, ಆ ಅಡ್ಡಿ ವೈರಿನಲ್ಲೇ ಇದೆ. ಸೆನ್ಸರ್ ಎಷ್ಟು ಸಲ ಬದಲಿಸಿದರೂ ಹೋಗುವುದಿಲ್ಲ. ಅರ್ಥ್ ಕಡೆಯನ್ನು ಬೇರೆಯಾಗಿ ನೋಡಬೇಕಾದರೆ ಕನೆಕ್ಟರ್ ಹಾಕಿ ಎಂಜಿನ್ ಓಡುವಾಗ, ಸೆನ್ಸರ್‌ನ ಅರ್ಥ್ ವೈರ್ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ವೋಲ್ಟೇಜ್ ಅಳೆಯಿರಿ. 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು.

ಕೊನೆಗೆ ವೈರ್ ಅಲ್ಲಾಡಿಸುವ ಪರೀಕ್ಷೆ. ಎಂಜಿನ್ ಓಡುತ್ತಿರಲಿ, ಒಬ್ಬರು ಸ್ಕ್ಯಾನರ್ ನೋಡುತ್ತಿರಲಿ, ಇನ್ನೊಬ್ಬರು ಕನೆಕ್ಟರ್‌ನಿಂದ ಹಿಂದಕ್ಕೆ ವೈರನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋಗಲಿ. ಬೆಲ್ಟ್, ಫ್ಯಾನ್ ಕಡೆ ಕೈ, ಬಟ್ಟೆ ಹೋಗದಂತೆ ನೋಡಿಕೊಳ್ಳಿ.

ಒಂದು ಕಿವಿಮಾತು. ಕೆಲವು ಇಸಿಯುಗಳು 50 ಡಿಗ್ರಿ ಆಸುಪಾಸಿನಲ್ಲಿ ಒಳಗಿನ ರೆಸಿಸ್ಟರನ್ನೇ ಬದಲಾಯಿಸಿಕೊಳ್ಳುತ್ತವೆ. ಆಗ ಇಳಿಯುತ್ತಿದ್ದ ವೋಲ್ಟೇಜ್ ಒಮ್ಮೆಲೇ ಮೇಲಕ್ಕೆ ಹಾರಿ ಮತ್ತೆ ಇಳಿಯುತ್ತದೆ. ಡಿಗ್ರಿ ಲೆಕ್ಕ ಮಾತ್ರ ನೇರವಾಗಿ ಏರುತ್ತಿರುತ್ತದೆ. ಅದು ದೋಷವಲ್ಲ, ಅದಕ್ಕೋಸ್ಕರ ವೈರಿಂಗ್ ಹರವಬೇಡಿ.

ಒಂಟಿ ವೈರಿನ ಸೆನ್ಸರ್‌ಗೆ ಇಷ್ಟೆಲ್ಲ ಇಲ್ಲ. ವೈರ್ ಬಿಡಿಸಿದರೆ ಮುಳ್ಳು ಒಂದು ತುದಿಗೆ, ಎಂಜಿನ್ ಲೋಹಕ್ಕೆ ಕ್ಷಣ ಮಾತ್ರ ತಾಗಿಸಿದರೆ ಇನ್ನೊಂದು ತುದಿಗೆ ಹೋಗಬೇಕು. ಹೋದರೆ ಡ್ಯಾಶ್‌ಬೋರ್ಡ್ ಮೀಟರ್, ವೈರ್ ಎರಡೂ ಸರಿ.

ಸೆನ್ಸರನ್ನು ಅಳೆಯುವುದು

ಇಲ್ಲಿಯ ತನಕ ಎಲ್ಲ ಸರಿ ಬಂದಿದ್ದರೆ ಈಗ ಸೆನ್ಸರ್ ಸರದಿ. ಬಿಚ್ಚದೆಯೂ ಅಳೆಯಬಹುದು, ಕನೆಕ್ಟರ್ ತೆಗೆದು ಸೆನ್ಸರ್ ಪಿನ್‌ಗಳ ಮೇಲೆ ಮೀಟರ್ ಇಟ್ಟರಾಯಿತು. ತುಂಬ ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರ್ ಸುಮಾರು ಹೀಗೆ ಓದುತ್ತದೆ:

0 ಡಿಗ್ರಿ: 5,900 ಓಮ್
20 ಡಿಗ್ರಿ: 2,500 ಓಮ್
40 ಡಿಗ್ರಿ: 1,200 ಓಮ್
60 ಡಿಗ್ರಿ: 600 ಓಮ್
80 ಡಿಗ್ರಿ: 320 ಓಮ್
100 ಡಿಗ್ರಿ: 190 ಓಮ್

ಇದೇ ಅಂಕಿ ಎಲ್ಲ ಗಾಡಿಗೂ ಅಲ್ಲ. ಇನ್ನೊಂದು ಬಗೆಯದು 20 ಡಿಗ್ರಿಯಲ್ಲಿ 3,500 ಓಮ್, 100 ಡಿಗ್ರಿಯಲ್ಲಿ 180 ಓಮ್ ಹತ್ತಿರ ಓದುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಿಸಿಯಲ್ಲಿ ಎರಡೂ ಒಂದೇ, ತಣ್ಣಗಿದ್ದಾಗ ದೂರ ದೂರ. ಚೂಡಿ (ತಿರುಪಿನ ಗೆರೆ) ಕೂಡುತ್ತದೆ, ಪಿನ್ ಕೂಡುತ್ತದೆ ಅಂತ ಬೇರೆ ಗಾಡಿಯ ಸೆನ್ಸರ್ ಹಾಕಿದವರ ಪಾಡು ಇದು. ಬಿಸಿ ಎಂಜಿನ್‌ನಲ್ಲಿ ಎಲ್ಲ ಚೆನ್ನಾಗಿರುತ್ತದೆ, ಬೆಳಿಗ್ಗೆ ಮಾತ್ರ ಇಸಿಯು 20 ಡಿಗ್ರಿಯನ್ನು 12 ಅಂತ ಓದಿ ಪೆಟ್ರೋಲ್ ಸುರಿಯುತ್ತದೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಯೇ ಕೊನೆ ಮಾತು.

ಬಿಚ್ಚಿದ ಸೆನ್ಸರ್ ಅಳೆಯುವುದಾದರೆ ಐಸ್ ಹಾಕಿದ ನೀರು ಮತ್ತು ಕುದಿಯುವ ನೀರು ಸಾಕು. ಒಂದು ಲೋಟದ ತುಂಬ ಐಸ್ ಪುಡಿ, ಸಂದು ಮುಚ್ಚುವಷ್ಟು ನೀರು. ಚೆನ್ನಾಗಿ ಕಲಕಿದರೆ ಅದು 0 ಡಿಗ್ರಿ. ತುದಿ ಮಾತ್ರ ಮುಳುಗಲಿ, ಪಿನ್ ಒದ್ದೆಯಾಗಬಾರದು. ಪಾತ್ರೆಯ ತಳಕ್ಕೂ ತಾಗಬಾರದು, ದಾರ ಕಟ್ಟಿ ಇಳಿಬಿಡುವುದು ಒಳ್ಳೆಯದು. ಎರಡು ಮೂರು ನಿಮಿಷ ಬಿಟ್ಟು ಓದಿ. ಕುದಿಯುವ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ. ಎತ್ತರಕ್ಕೆ ಹೋದಂತೆ ಸುಮಾರು 300 ಮೀಟರ್‌ಗೆ ಒಂದು ಡಿಗ್ರಿ ಕಡಿಮೆ, 900 ಮೀಟರ್ ಎತ್ತರದಲ್ಲಿ 97. ಆಮೇಲೆ ನೀರು ಆರುತ್ತಾ ಹೋಗುವಾಗ ಥರ್ಮಾಮೀಟರ್ ಪಕ್ಕದಲ್ಲಿಟ್ಟು 80, 60, 40ರಲ್ಲಿ ಓದಿಕೊಳ್ಳಿ. ಅಂಕಿ ಎಲ್ಲೂ ನೆಗೆಯಬಾರದು. ನೆಗೆದರೆ ಅದೇ ಒಳಬಿರುಕು.

ಕೈಯಲ್ಲಿ ರೆಸಿಸ್ಟರ್ ಇದ್ದರೆ ಇನ್ನೊಂದು ಉಪಾಯ ಇದೆ, ನನಗೆ ತುಂಬ ಇಷ್ಟವಾದದ್ದು. ಮೇಲೆ ಪಟ್ಟಿ ಕೊಟ್ಟ ಬಗೆಯ ಸೆನ್ಸರ್ ಇರುವ ಗಾಡಿಯಲ್ಲಿ, ಸೆನ್ಸರ್ ಬದಲು 2.2 ಕಿಲೋ ಓಮ್ ರೆಸಿಸ್ಟರ್ ಸಿಕ್ಕಿಸಿದರೆ ಸ್ಕ್ಯಾನರ್ ಸುಮಾರು 23 ಡಿಗ್ರಿ ತೋರಿಸಬೇಕು. 330 ಓಮ್ ಹಾಕಿದರೆ ಸುಮಾರು 80. ಬಂತಾ? ಹಾಗಾದರೆ ಕನೆಕ್ಟರ್‌ನಿಂದ ಇಸಿಯು ತನಕ ಎಲ್ಲ ಸರಿ. ಪರೀಕ್ಷೆಗೆ ಮಾತ್ರ ಇದು. ರೆಸಿಸ್ಟರ್ ಹಾಕಿಕೊಂಡೇ ಗಾಡಿ ಓಡಿಸಿದರೆ ಎಂಜಿನ್ ಸುಟ್ಟರೂ ಇಸಿಯುಗೆ ಗೊತ್ತಾಗುವುದಿಲ್ಲ.

ಬದಲಿಸುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಕೀ ಆಫ್. ಮುಚ್ಚಳ ತೆರೆದು ಒತ್ತಡ ಬಿಡಿ. ಸೆನ್ಸರ್ ಇರುವ ಮಟ್ಟಕ್ಕಿಂತ ಕೆಳಗೆ ಬರುವಷ್ಟು ಕೂಲಂಟ್ ಶುದ್ಧವಾದ ಡಬ್ಬಿಗೆ ಇಳಿಸಿಕೊಳ್ಳಿ. ಸಾಮಾನ್ಯವಾಗಿ ಒಂದೆರಡು ಲೀಟರ್ ಸಾಕು. ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಸಾಕು ಪ್ರಾಣ ಹೋಗಲು. ಮಕ್ಕಳಿಗೂ ಸಿಗದಂತೆ ಇಡಿ.

ಚೂಡಿ ಇರುವ ಹಿತ್ತಾಳೆ ಸೆನ್ಸರ್ ಆದರೆ 19 ಎಂಎಂ ಡೀಪ್ ಸಾಕೆಟ್ ಬಹಳ ಕಡೆ ಕೂಡುತ್ತದೆ. ಕೆಲವು ಸೆನ್ಸರ್‌ಗಳಿಗೆ ಚೂಡಿಯೇ ಇರುವುದಿಲ್ಲ, ಒಂದು ಕ್ಲಿಪ್ ಎಳೆದರೆ ಮೈ ಹೊರಬರುತ್ತದೆ. ಆ ಕ್ಲಿಪ್ ಹಾರಿ ಎಂಜಿನ್ ಸಂದಿಗೆ ಬೀಳುವುದರಲ್ಲಿ ನಿಸ್ಸೀಮ, ಬೆರಳು ಅಡ್ಡ ಇಟ್ಟುಕೊಂಡೇ ಎಳೆಯಿರಿ.

ಹಳೆಯ ವಾಷರ್ ಅಥವಾ ಓ-ರಿಂಗ್ ಮತ್ತೆ ಹಾಕಬೇಡಿ. ಅದು ಗೂಡಿನ ಒಳಗೇ ಅಂಟಿಕೊಂಡು ಉಳಿದಿರಬಹುದು, ಅದರ ಮೇಲೆ ಇನ್ನೊಂದು ಕೂತರೆ ಸೋರುತ್ತದೆ, ಬೆರಳಿನಿಂದ ತಡವಿ ನೋಡಿ. ಓ-ರಿಂಗ್‌ಗೆ ಸ್ವಲ್ಪ ಕೂಲಂಟ್ ಸವರಿದರೆ ಸಲೀಸಾಗಿ ಕೂರುತ್ತದೆ.

ಟೆಫ್ಲಾನ್ ಟೇಪ್ ಸುತ್ತುವ ಅಭ್ಯಾಸ ತುಂಬ ಜನರಿಗಿದೆ. ಒಂಟಿ ವೈರಿನ ಸೆನ್ಸರ್‌ಗೆ ಸುತ್ತಬೇಡಿ. ಅದರ ಅರ್ಥ್ ಹೋಗುವುದೇ ಚೂಡಿಯ ಮೂಲಕ, ಟೇಪ್ ಅದನ್ನು ತಡೆದು ಮುಳ್ಳು ತಪ್ಪು ತೋರಿಸುವಂತೆ ಮಾಡುತ್ತದೆ. ಹೊಸ ಸೆನ್ಸರ್ ಹಾಕಿದ ಮೇಲೂ ಮುಳ್ಳು ಏಳಲಿಲ್ಲ ಅನ್ನುವವರು ಮೊದಲು ಟೇಪ್ ಬಿಚ್ಚಿ ನೋಡಿ. ವಾಷರ್ ಇರುವ ಎರಡು ವೈರಿನ ಸೆನ್ಸರ್‌ಗೂ ಟೇಪ್ ಬೇಕಾಗುವುದಿಲ್ಲ.

ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಿಸಿ. ಕೈಗೆ ಸಲೀಸಾಗಿ ಹೋಗದಿದ್ದರೆ ಚೂಡಿ ಓರೆಯಾಗಿದೆ, ಬಿಚ್ಚಿ ಮತ್ತೆ ಕೂರಿಸಿ. ಬಹಳಷ್ಟು ಸೆನ್ಸರ್‌ಗಳಿಗೆ 15ರಿಂದ 25 ನ್ಯೂಟನ್ ಮೀಟರ್ ಬಿಗಿ ಸಾಕು. ಅದಕ್ಕೆ ಮೇಲೆ ಬಲ ಹಾಕಿದರೆ ಅಲ್ಯೂಮಿನಿಯಂ ಚೂಡಿ ಕಿತ್ತು ಬರುತ್ತದೆ, ಆಮೇಲಿನ ಖರ್ಚು ಸೆನ್ಸರ್‌ನ ಹತ್ತು ಪಟ್ಟಾದರೂ ಆಶ್ಚರ್ಯವಿಲ್ಲ.

ಗಾಳಿ ತೆಗೆಯದಿದ್ದರೆ ಕೆಲಸ ಅರ್ಧ ಆದಂತೆ

ಹೊಸ ಸೆನ್ಸರ್ ಹಾಕಿದ ಮೇಲೆ ಅಂಕಿ ಕುಣಿಯಲು ಶುರುಮಾಡಿದರೆ, ಸೆನ್ಸರನ್ನು ಬೈಯುವ ಮೊದಲು ಗಾಳಿ ನೆನಪಿಸಿಕೊಳ್ಳಿ. ಕೂಲಂಟ್ ಇಳಿಸಿದಾಗ ಒಳಗೆ ಗಾಳಿ ಸೇರಿರುತ್ತದೆ, ಗಾಳಿ ಮೇಲಕ್ಕೇ ಹೋಗುತ್ತದೆ, ಸೆನ್ಸರ್ ಇರುವುದೂ ಹೆಚ್ಚಾಗಿ ಮೇಲೆಯೇ. ಗುಳ್ಳೆ ತುದಿಗೆ ತಾಗಿದಾಗ ಒಂದು ಅಂಕಿ, ಕೂಲಂಟ್ ತಾಗಿದಾಗ ಇನ್ನೊಂದು.

ಹೀಟರ್ ಪೂರ್ತಿ ಬಿಸಿಗೆ ಇಡಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ. ಕೂಲಂಟ್ ನಿಧಾನವಾಗಿ ತುಂಬಿ, ಸ್ಕ್ರೂನಿಂದ ಗುಳ್ಳೆ ನಿಂತು ಒಂದೇ ಧಾರೆ ಬಂದ ಮೇಲೆ ಬಿಗಿ ಮಾಡಿ. ಹೀಗೆ ತುಂಬಿ ಮುಚ್ಚಳ ಹಾಕಿ ಎಂಜಿನ್ ಓಡಿಸಿ. ಮೇಲಿನ ಹೋಸ್ ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ ತೆರೆಯಿತು ಅಂತ ಅರ್ಥ. ಫ್ಯಾನ್ ಒಮ್ಮೆ ಹತ್ತಿ ಆರುವ ತನಕ ಬಿಡಿ. ಫ್ಯಾನ್ ಹತ್ತಿದ, ಆರಿದ ಅಂಕಿಗಳನ್ನು ಎಲ್ಲಾದರೂ ಬರೆದಿಡಿ. ಆಮೇಲೆ ಕೋಡ್ ಅಳಿಸಿ.

ಹಳೆಯ ಸೆನ್ಸರ್ ತುಂಬ ದಿನ ತಣ್ಣಗೆ ಓದುತ್ತಿದ್ದರೆ ಇಸಿಯು ಪೆಟ್ರೋಲ್ ಲೆಕ್ಕವನ್ನು ಅದಕ್ಕೆ ಹೊಂದಿಸಿಕೊಂಡಿರುತ್ತದೆ. ಹೊಸದು ಹಾಕಿದ ಮೊದಲ ಕೆಲವು ದಿನ ಐಡ್ಲಿಂಗ್ ಸ್ವಲ್ಪ ಹೊಯ್ದಾಡಬಹುದು. ಓಡಿಸುತ್ತಾ ಸರಿಹೋಗುತ್ತದೆ.

ಮತ್ತೆ ಹಾಳಾಗದಂತೆ

ಸೆನ್ಸರ್‌ಗೆ ಅಂತ ಬೇರೆ ಸರ್ವಿಸ್ ಏನೂ ಇಲ್ಲ. ಅದು ಮುಳುಗಿರುವ ಕೂಲಂಟ್ ಚೆನ್ನಾಗಿದ್ದರೆ ಅದೂ ಚೆನ್ನಾಗಿರುತ್ತದೆ. ಗಡಸು ನೀರು ಹಾಕಿದರೆ ಕೆಟಲ್ ತಳದಲ್ಲಿ ಕಟ್ಟುವ ಬಿಳಿ ಪದರವೇ ಸೆನ್ಸರ್ ತುದಿಯ ಮೇಲೂ ಕಟ್ಟುತ್ತದೆ. ಕಂಬಳಿ ಹೊದ್ದ ಸೆನ್ಸರ್ ಎಲ್ಲವನ್ನೂ ತಡವಾಗಿ ಹೇಳುತ್ತದೆ. ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟ್ ಹಾಕಿ, ಮ್ಯಾನ್ಯುಯಲ್ ಹೇಳಿದ ಅವಧಿಗೆ ಬದಲಿಸಿ. ಸೋರಿಕೆ ನಿಲ್ಲಿಸುವ ಪುಡಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ತೂತು ಮುಚ್ಚುವ ಅದೇ ಅಂಟು ಸೆನ್ಸರ್ ತುದಿಗೂ ಮೆತ್ತಿಕೊಳ್ಳುತ್ತದೆ.

ಎಂಜಿನ್ ತೊಳೆಯುವಾಗ ಕನೆಕ್ಟರ್‌ಗೆ ಜೋರು ನೀರು ಹೊಡೆಯಬೇಡಿ. ಬಿಡಿಸಿದಾಗಲೆಲ್ಲ ಅಂಚಿನ ರಬ್ಬರ್ ಸೀಲ್ ಇದೆಯಾ ನೋಡಿ, ಅದರ ಮೇಲೆ ತೆಳುವಾಗಿ ಡೈಎಲೆಕ್ಟ್ರಿಕ್ ಗ್ರೀಸ್ (ನೀರು ತಡೆಯುವ, ಕರೆಂಟ್ ಹರಿಸದ ಗ್ರೀಸ್) ಸವರಿ.

ಬದಲಿಸಿದ ಮರುದಿನ ಬೆಳಿಗ್ಗೆ ಮತ್ತೆ ಕೀ ಆನ್ ಮಾಡಿ, ಕೂಲಂಟ್ ಮತ್ತು ಗಾಳಿಯ ಅಂಕಿ ಓದಿ. ಎರಡೂ ಹತ್ತಿರ ಇರಬೇಕು. ಬಾನೆಟ್ ಎತ್ತಿ ರಿಸರ್ವ್ ಡಬ್ಬಿಯ ಮಟ್ಟ ನೋಡಿ. ಮೊದಲ ದಿನ ಒಂದು ಬೆರಳಿನಷ್ಟು ಇಳಿದಿದ್ದರೆ ಉಳಿದ ಗಾಳಿ ಹೊರಬಂದಿದೆ, ಗೆರೆಯ ತನಕ ತುಂಬಿ. ಎರಡನೇ ದಿನವೂ ಇಳಿದಿದ್ದರೆ ಸೆನ್ಸರ್ ಕೆಳಗಿನ ಲೋಹವನ್ನು ಒಣ ಬೆರಳಿನಿಂದ ಸವರಿ ನೋಡಿ. ಬೆರಳು ಒದ್ದೆಯಾದರೆ ವಾಷರ್ ಸರಿಯಾಗಿ ಕೂತಿಲ್ಲ.